ಮಂಜಿನಲ್ಲಿ ಬಂದ ಬಸ್ಸಿನ ದೀಪ

ಮಕ್ಕಳು ಮಾಡುವ ತಪ್ಪುಗಳಿಗೆ ನಾವು ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ. ನಾವು ಮಾಡುವ ತಪ್ಪುಗಳಿಗೆ ಗೆರೆ ಎಳೆಯುವವರು ಯಾರೂ ಇರುವುದಿಲ್ಲ. ನಾನು ಮಾಡಿದ ಅಂಥದೊಂದು ತಪ್ಪನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಆಗ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೋರ್ಡ್ ನೋಡು ಎಂದರೆ ಅವಳ ಕಣ್ಣು ಬೋರ್ಡಿನ ಪಕ್ಕದ ಕಿಟಕಿಯ ಕಡೆಗೆ ಇರುತ್ತಿತ್ತು. ನೋಟ್ಸ್ ಬರೆದರೆ ಪದಗಳ ನಡುವಿನ ಅಕ್ಷರಗಳೇ ಬಿಟ್ಟುಹೋಗಿರುತ್ತಿದ್ದವು. ಒಂದು ದಿನ ಮಾನವನ ಕಣ್ಣಿನ ಪಾಠ ನಡೆಯುತ್ತಿತ್ತು. ನಾನು ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣಿನ ಚಿತ್ರ ಬರೆದು ತಿರುಗಿ ನೋಡಿದರೆ, ಇವಳು ಎಂದಿನಂತೆ ಕಿಟಕಿಯ ಕಡೆಗೆ ನೋಡುತ್ತಿದ್ದಾಳೆ. ನನಗೆ ರೇಗಿತು. ‘ಅಲ್ಲೇನಮ್ಮ ಸಿನಿಮಾ ತೋರಿಸ್ತಾ ಇದಾರಾ?’ ಎಂದೆ. ಅವಳು ಎದ್ದು ನಿಂತು, ‘ಸಾ, ನೆಟ್ಟಗೆ ನೋಡಿದ್ರೆ ಕಾಣಾಕಿಲ್ಲ. ಒಸಿ ಓರೆಯಾಗಿ ನೋಡಿದ್ರೆ ಕಾಣ್ತದೆ’ ಎಂದಳು. ತರಗತಿಯೆಲ್ಲಾ ನಕ್ಕಿತು. ನಾನೂ ನಕ್ಕೆ. ಗಂಟೆ ಹೊಡೆಯುವವರೆಗೆ ಅವಳನ್ನು ನಿಲ್ಲಿಸಿದೆ.

ಕೆಲವು ತಿಂಗಳ ನಂತರ ಅವಳ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಲು ಮನೆಯವರು ಮೈಸೂರಿಗೆ ಹೊರಟರು. ಜೊತೆಗೆ ಇವಳೂ ಹೋಗಿದ್ದಳು. ಅಲ್ಲಿನ ವೈದ್ಯರು ಇವಳ ಓರೆನೋಟವನ್ನು ಗಮನಿಸಿ, ಔಷಧ ಹಾಕಿ ಪಾಪೆ ಹಿಗ್ಗಿಸಿ ಒಳಗೆ ನೋಡಿದರು. ಮರುವಾರ ಅವಳ ತಂದೆ ಒಂದು ಚೀಟಿ ಹಿಡಿದು ಶಾಲೆಗೆ ಬಂದರು. ‘ಮೇಷ್ಟ್ರೆ, ಇದ್ರಲ್ಲಿ ಏನ್ ಬರ್ದವ್ರೆ ಒಸಿ ಓದಿ ಹೇಳಿ’ ಎಂದರು. ಎರಡೂ ಕಣ್ಣುಗಳ ಅಕ್ಷಿಪಟಲದ ನಟ್ಟನಡುವೆ ಹಳೆಯ ಕಲೆ. ಹುಟ್ಟಿನಿಂದ ಬಂದ ಟಾಕ್ಸೋಪ್ಲಾಸ್ಮೋಸಿಸ್ ಎಂದು ಬರೆದಿತ್ತು. ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗೆ ಆ ಪದವನ್ನು ಸರಿಯಾಗಿ ಉಚ್ಚರಿಸಲೂ ಬರಲಿಲ್ಲ.

ಮುಂದಿನ ಸಲ ಅವರ ಜೊತೆ ನಾನೂ ಮೈಸೂರಿಗೆ ಹೋದೆ. ವೈದ್ಯರು ತಾಳ್ಮೆಯಿಂದ ವಿವರಿಸಿದರು. ಅಕ್ಷಿಪಟಲದ ಮಧ್ಯದಲ್ಲಿ ಹಳದಿ ಚುಕ್ಕೆ ಎಂಬ ಸಣ್ಣ ಜಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ಆ ಚುಕ್ಕೆಯ ಕೆಲಸ. ಇವಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದು ಪರೋಪಜೀವಿ ಅಲ್ಲಿಗೆ ಸೇರಿ, ಆ ಜಾಗವನ್ನು ಸುಟ್ಟಹಾಗೆ ಮಾಡಿತ್ತು. ನೇರವಾಗಿ ನೋಡಿದರೆ ಬಿಂಬ ಬೀಳುವುದು ಆ ಕಲೆಯ ಮೇಲೆ. ಆದ್ದರಿಂದ ಪಕ್ಕದ ಚೆನ್ನಾಗಿರುವ ಭಾಗದ ಮೇಲೆ ಬಿಂಬ ಬೀಳುವಂತೆ ಕಣ್ಣನ್ನು ಓರೆ ಮಾಡುವುದನ್ನು ಅವಳು ತಾನೇ ಕಲಿತಿದ್ದಳು. ನಾನು ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದ ಪಾಠವನ್ನು ಅವಳು ಬದುಕಿ ಕಲಿತಿದ್ದಳು. ಅದಕ್ಕೇ ನಾನು ಅವಳನ್ನು ನಿಲ್ಲಿಸಿದ್ದೆ.

ಊರಿನಲ್ಲಿ ಇನ್ನೊಂದು ಶಿಕ್ಷೆ ನಡೆಯುತ್ತಿತ್ತು. ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಳು ಎಂದು ತಾಯಿಯ ಮೇಲೆ ದೂರು. ರೋಗಕ್ಕೂ ಬೆಕ್ಕಿಗೂ ಸಂಬಂಧವಿದೆ ಎಂದು ತಿಳಿದ ಮೇಲೆ, ಬೆಕ್ಕು ಅಡ್ಡ ಬಂದಿದ್ದೇ ಕಾರಣ ಎಂಬ ಮಾತೂ ಸೇರಿಕೊಂಡಿತು. ಆ ತಾಯಿ ತಲೆ ಎತ್ತಿ ಮಾತನಾಡಿದ್ದನ್ನು ನಾನು ನೋಡಲಿಲ್ಲ. ಹಾಗಾದರೆ ನಿಜವಾದ ಕಾರಣವೇನು ಎಂದು ತಿಳಿಯಲೇಬೇಕು ಅನ್ನಿಸಿತು.

ಟಾಕ್ಸೋಪ್ಲಾಸ್ಮ ಗೊಂಡಿ ಎಂಬುದು ಮಲೇರಿಯಾ ಜೀವಿಯ ದೂರದ ನೆಂಟ. ಒಂದೇ ಕೋಶದ ಜೀವಿ. 1908ರಲ್ಲಿ ಟ್ಯುನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬ ವಿಜ್ಞಾನಿಗಳು ಗುಂಡಿ ಎಂಬ ಇಲಿಯಂಥ ಪ್ರಾಣಿಯಲ್ಲಿ ಇದನ್ನು ಕಂಡರು. ಬಿಲ್ಲಿನಂತೆ ಬಾಗಿದ ಆಕಾರದಿಂದ ಈ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ಟಾಕ್ಸಾನ್ ಎಂದರೆ ಬಿಲ್ಲು. 1923ರಲ್ಲಿ ಪ್ರಾಗ್ ನಗರದ ಯಾಂಕೂ ಎಂಬ ನೇತ್ರವೈದ್ಯರು 11 ತಿಂಗಳ ಮಗುವಿನ ಅಕ್ಷಿಪಟಲದಲ್ಲಿ ಇದರ ಕೋಶಗಳನ್ನು ನೋಡಿ ವರ್ಣಿಸಿದರು. ಬಹಳ ವರ್ಷ ಇದು ಕೂಸುಗಳ ಕಾಯಿಲೆ ಎಂದೇ ನಂಬಿದ್ದರು. 1952ರಲ್ಲಿ ಅಮೆರಿಕದ ಹೆಲೆನರ್ ವೈಲ್ಡರ್ ಎಂಬಾಕೆ, ಕ್ಷಯ ಅಥವಾ ಸಿಫಿಲಿಸ್‌ನಿಂದ ಹಾಳಾದವು ಎಂದು ತೆಗೆದಿಟ್ಟಿದ್ದ ವಯಸ್ಕರ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲಿ ಈ ಜೀವಿ ಸಿಕ್ಕಿತು. ಅಂದರೆ ಇದು ದೊಡ್ಡವರನ್ನೂ ಬಿಡುವುದಿಲ್ಲ, ಬೇರೆ ರೋಗದ ಹೆಸರಿನಲ್ಲಿ ಅಡಗಿರಬಲ್ಲದು ಎಂದು ತಿಳಿಯಿತು.

ಬೆಕ್ಕಿನ ಪಾತ್ರ ಗೊತ್ತಾದದ್ದು 1970ರ ಹೊತ್ತಿಗೆ. ಗ್ಲಾಸ್ಗೋದ ಹಚಿಸನ್, ಅಮೆರಿಕದಲ್ಲಿ ಫ್ರೆಂಕೆಲ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಜೆ.ಪಿ. ದುಬೆ ಮೊದಲಾದವರ ಸಂಶೋಧನೆಗಳಿಂದ ಈ ಜೀವಿಯ ಪೂರ್ಣ ಜೀವನಚಕ್ರ ಬೆಳಕಿಗೆ ಬಂತು. ಸೋಂಕು ತಗುಲಿದ ಇಲಿಯನ್ನು ತಿಂದ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಒಂದೆರಡು ವಾರಗಳ ಕಾಲ, ಮಲದಲ್ಲಿ ಲಕ್ಷಗಟ್ಟಲೆ ಗಟ್ಟಿ ಚಿಪ್ಪಿನ ಸೂಕ್ಷ್ಮ ಮೊಟ್ಟೆಗಳನ್ನು ಹೊರಹಾಕುತ್ತದೆ. ಅವು ಸೋಂಕು ತಗುಲಿಸಬಲ್ಲಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆಮೇಲೆ ತೇವದ ಮಣ್ಣಿನಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಬದುಕಿರುತ್ತವೆ. ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಇವನ್ನು ಕೊಲ್ಲುವುದಿಲ್ಲ. ಕುದಿಸಿದರೆ ಸಾಯುತ್ತವೆ. ಆ ಮಣ್ಣು ಹತ್ತಿದ ಕೈ, ತೊಳೆಯದ ಸೊಪ್ಪು, ಆ ನೀರು ಅಥವಾ ಸರಿಯಾಗಿ ಬೇಯದ ಮಾಂಸ, ಇವು ಸೋಂಕಿನ ದಾರಿಗಳು. ಬೆಕ್ಕು ಅಡ್ಡ ಬಂದರೆ, ಮೈ ಸವರಿದರೆ ಬರುವ ರೋಗ ಇದಲ್ಲ. ಗ್ರಹಣಕ್ಕಂತೂ ಸಂಬಂಧವೇ ಇಲ್ಲ.

ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನಾಲ್ಕು ದಿನ ಮೈ ಬೆಚ್ಚಗಾಗಬಹುದು, ಕುತ್ತಿಗೆಯಲ್ಲಿ ಗಂಟು ಕಾಣಬಹುದು, ಅಷ್ಟೆ. ಹೆಂಗಸು ಬಸುರಿಯಾಗಿದ್ದಾಗ ಮೊದಲ ಸಲ ಸೋಂಕು ತಗುಲಿದರೆ ಮಾತ್ರ ಮಗುವಿಗೆ ದಾಟುವ ಭಯ. ಆ ತಾಯಿಗೆ ಆಗಿದ್ದು ಇಷ್ಟೇ. ಗದ್ದೆಯಲ್ಲಿ ದುಡಿದು, ಕೈತೋಟದ ಸೊಪ್ಪು ಕಿತ್ತು, ಊರಿನ ನೀರು ಕುಡಿದು ಬದುಕಿದ್ದಳು. ಅದರಲ್ಲಿ ಅವಳ ತಪ್ಪೇನು? ಈ ಮಾತನ್ನು ಅವರ ಮನೆಯ ಜಗಲಿಯ ಮೇಲೆ ಕೂತು, ಎಲ್ಲರೂ ಕೇಳುವಂತೆ ಹೇಳಿ ಬಂದೆ.

ಇಷ್ಟೆಲ್ಲಾ ಕಲಿತ ಮೇಲೂ ನಾನು ಎರಡನೆಯ ತಪ್ಪು ಮಾಡಿದೆ. ಈ ಸಲ ಕಣ್ಣು ನನ್ನದೇ.

ನಡುವೆ ಕೆಲವು ವರ್ಷ ನಾಗಮಂಗಲದಲ್ಲಿದ್ದು, ಪಾಂಡವಪುರ ತಾಲ್ಲೂಕಿಗೆ ವರ್ಗವಾಗಿ ಬಂದಿದ್ದೆ. ವಯಸ್ಸು ನಲವತ್ತು ದಾಟಿತ್ತು. ಒಂದು ಬೆಳಿಗ್ಗೆ ಬಲಗಣ್ಣಿನ ಮುಂದೆ ಸೊಳ್ಳೆಗಳಂಥ ಕಪ್ಪು ಚುಕ್ಕೆಗಳು ತೇಲಾಡಿದವು. ಕಣ್ಣು ಸ್ವಲ್ಪ ಕೆಂಪಾಗಿ ನೋಯುತ್ತಿತ್ತು. ಮೆಡಿಕಲ್ ಸ್ಟೋರಿಗೆ ಹೋಗಿ, ಹಿಂದೆ ಯಾರಿಗೋ ಬರೆದುಕೊಟ್ಟಿದ್ದ ಹನಿಗಳ ಹೆಸರು ಹೇಳಿ ಕೊಂಡುಕೊಂಡೆ. ಅದರಲ್ಲಿ ಸ್ಟೀರಾಯ್ಡ್ ಇದ್ದದ್ದು ನನಗೆ ಗೊತ್ತಿತ್ತು. ಕೆಂಪು ಇಳಿಯಿತು, ನೋವೂ ಹೋಯಿತು. ಕನ್ನಡಿಯಲ್ಲಿ ಕಣ್ಣು ಚೆನ್ನಾಗಿಯೇ ಕಂಡಿತು. ಆದರೆ ಒಳಗಿನ ಮಂಜು ದಿನದಿನಕ್ಕೂ ದಟ್ಟವಾಯಿತು. ಮೂರು ವಾರ ಹೀಗೇ ಕಳೆದೆ. ಕೊನೆಗೆ ನನ್ನ ಹೆಂಡತಿ, ‘ಬೇರೆಯವರ ಮಕ್ಕಳಿಗೆ ಹೇಳೋ ಬುದ್ಧಿ ನಿಮಗೆ ಬೇಡವಾ?’ ಎಂದು ಆಸ್ಪತ್ರೆಗೆ ಹೊರಡಿಸಿದಳು.

ವೈದ್ಯರು ನನ್ನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ‘ಮಂಜಿನಲ್ಲಿ ವಾಹನದ ದೀಪ ಕಂಡ ಹಾಗಿದೆ’ ಎಂದರು. ಕಣ್ಣಿನ ವೈದ್ಯರು ಈ ರೋಗಕ್ಕೆ ಬಳಸುವ ಹಳೆಯ ಹೋಲಿಕೆ ಅದು. ಒಳಗಿನ ಲೋಳೆಯಂಥ ಪಾರದರ್ಶಕ ದ್ರವ ಉರಿಯೂತದಿಂದ ಮಬ್ಬಾಗಿರುತ್ತದೆ. ಅದರ ಹಿಂದೆ ಅಕ್ಷಿಪಟಲದ ಹುಣ್ಣು ಬೆಳ್ಳಗೆ ಹೊಳೆಯುತ್ತದೆ. ನಾಗಮಂಗಲದಲ್ಲಿ ಡಿಸೆಂಬರ್ ಬೆಳಿಗ್ಗೆಗಳಲ್ಲಿ ಕೈ ಉಜ್ಜುತ್ತಾ ಬಸ್ಸಿಗೆ ಕಾದದ್ದು ನೆನಪಾಯಿತು. ಬಸ್ಸು ಕಾಣುತ್ತಿರಲಿಲ್ಲ, ದೀಪ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಅದೇ ದೃಶ್ಯ ಈಗ ನನ್ನ ಕಣ್ಣೊಳಗೆ! ಹುಣ್ಣಿನ ಪಕ್ಕದಲ್ಲಿ ಹಳೆಯ ಕಪ್ಪು ಕಲೆಯೊಂದು ಇತ್ತು. ಅಂದರೆ ಈ ಜೀವಿ ನನಗೆ ತಿಳಿಯದಂತೆ ವರ್ಷಗಳಿಂದ ಅಲ್ಲೇ ಮಲಗಿತ್ತು. ಕಣ್ಣಿನ ಒತ್ತಡವೂ ಏರಿತ್ತು.

ಔಷಧ ಶುರುವಾಯಿತು. ಮೊದಲು ಪರೋಪಜೀವಿಯನ್ನು ತಡೆಯುವ ಟ್ರೈಮೆಥೊಪ್ರಿಮ್ ಮತ್ತು ಸಲ್ಫ ಸೇರಿದ ಮಾತ್ರೆ, ಕೆಲವು ದಿನಗಳ ನಂತರ ಅದರ ರಕ್ಷಣೆಯಲ್ಲಿ ಸ್ಟೀರಾಯ್ಡ್. ಈ ಕ್ರಮ ಮುಖ್ಯ. ಜೀವಿಯನ್ನು ತಡೆಯದೆ ಬರೀ ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟರೆ ಹೊಲದ ಕಾವಲುಗಾರನನ್ನು ಮಲಗಿಸಿ ಹಂದಿಗಳನ್ನು ಒಳಗೆ ಬಿಟ್ಟಂತೆ. ಆರು ವಾರಗಳಲ್ಲಿ ಮಂಜು ತಿಳಿಯಾಯಿತು. ಹುಣ್ಣು ಇದ್ದದ್ದು ಅಕ್ಷಿಪಟಲದ ಕೆಳಭಾಗದಲ್ಲಿ. ಆದ್ದರಿಂದ ಇಂದಿಗೂ ಬಲಗಣ್ಣಿನ ನೋಟದ ಮೇಲ್ಭಾಗದಲ್ಲಿ ಒಂದು ಕಪ್ಪು ತೇಪೆ ಇದೆ. ಮಸೂರ ಬಿಂಬವನ್ನು ತಲೆಕೆಳಗು ಮಾಡುತ್ತದೆ ಎಂಬುದಕ್ಕೆ ಈಗ ನಾನೇ ಉದಾಹರಣೆ.

ನನಗೆ ಬಂದದ್ದು ಈ ರೋಗದ ಸಾಮಾನ್ಯ ರೂಪ. ಅದನ್ನೇ ನಾನು ಮೂರು ವಾರ ಗುರುತಿಸದೆ ಹೋದೆ. ಆದರೆ ನಮ್ಮ ಕಡೆಯ ಹಗಲುವೇಷದವರಂತೆ ಇದು ಬೇರೆ ಬೇರೆ ವೇಷಗಳಲ್ಲೂ ಬರುತ್ತದೆ. ಆಗ ವೈದ್ಯರಿಗೂ ಗುರುತಿಸುವುದು ಕಷ್ಟ. ವಿದ್ಯಾರ್ಥಿಗಳೇ, ನಿಮ್ಮ ಪುಸ್ತಕದಲ್ಲಿರುವ ಕಣ್ಣಿನ ಚಿತ್ರವನ್ನು ಮುಂದಿಟ್ಟುಕೊಂಡು ಓದಿ.

ದೃಷ್ಟಿನರ ಅಕ್ಷಿಪಟಲವನ್ನು ಸೇರುವ ಜಾಗದಲ್ಲೇ ಹುಣ್ಣಾದರೆ, ನರ ಊದಿಕೊಂಡು ದೃಷ್ಟಿ ತಟ್ಟನೆ ಕುಸಿಯಬಹುದು. ಅದನ್ನು ನರದ ಬೇರೆ ಉರಿಯೂತವೆಂದು ತಿಳಿದು ಬರೀ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಕೆಲವರಲ್ಲಿ ರಕ್ತನಾಳಗಳು ಉರಿಯೂತಕ್ಕೆ ಗುರಿಯಾಗುತ್ತವೆ. ಅಪಧಮನಿಯ ಉದ್ದಕ್ಕೂ ಮಣಿ ಪೋಣಿಸಿದಂತೆ ಬಿಳಿಯ ಗುರುತುಗಳು ಮೂಡುತ್ತವೆ. ಅಪರೂಪಕ್ಕೆ ನಾಳವೇ ಮುಚ್ಚಿಹೋಗುತ್ತದೆ. ಬಿ.ಪಿ., ಸಕ್ಕರೆ ಏನೂ ಇಲ್ಲದ ಎಳೆ ವಯಸ್ಸಿನವರಿಗೆ ಹೀಗಾದರೆ ಈ ಜೀವಿಯನ್ನೂ ಸಂಶಯಿಸಬೇಕು. ಇನ್ನು ಕೆಲವರಲ್ಲಿ ಅಕ್ಷಿಪಟಲದ ಹೊರಪದರದಲ್ಲಿ ಬರೀ ಸಣ್ಣ ಬೂದು ಚುಕ್ಕೆಗಳು ಏಳುತ್ತವೆ. ಮುಂದಿನ ದ್ರವ ತಿಳಿಯಾಗಿಯೇ ಇರುತ್ತದೆ. ಅಲ್ಲಿ ಮಂಜೂ ಇಲ್ಲ, ದೀಪವೂ ಇಲ್ಲ. ಮತ್ತೆ ಕೆಲವರಿಗೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾದಂತೆ ಕಾಣುತ್ತದೆ.

ವಯಸ್ಸಾದವರಲ್ಲಿ, ಎಚ್.ಐ.ವಿ. ಸೋಂಕಿನಿಂದಲೋ ಅಂಗ ಕಸಿಯ ನಂತರದ ಔಷಧಗಳಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಹುಣ್ಣು ಒಂದು ಚುಕ್ಕೆಯಾಗಿ ನಿಲ್ಲದೆ ಅಗಲವಾಗಿ ಹರಡುತ್ತದೆ. ಆಗ ಅದು ವೈರಸ್ ರೋಗವನ್ನು ಹೋಲುತ್ತದೆ. ಕಣ್ಣಿನಿಂದ ಹನಿ ದ್ರವ ತೆಗೆದು ಜೀವಿಯ ಡಿ.ಎನ್.ಎ. ಹುಡುಕಬೇಕಾಗುತ್ತದೆ. ಕೂಸುಗಳಲ್ಲಿ ಮೆಳ್ಳೆಗಣ್ಣು, ಒಂದೇ ಸಮನೆ ಅಲುಗಾಡುವ ಕಣ್ಣು, ಕೆಲವೊಮ್ಮೆ ಪಾಪೆಯಲ್ಲಿ ಬಿಳಿ ಹೊಳಪು ಕಾಣಬಹುದು. ಬಿಳಿ ಹೊಳಪು ಕಣ್ಣಿನ ಕ್ಯಾನ್ಸರಿನ ಲಕ್ಷಣವೂ ಆಗಿರುವುದರಿಂದ ಒಂದು ದಿನವೂ ತಡಮಾಡದೆ ತೋರಿಸಬೇಕು. ಹುಣ್ಣು ಮಾಗಿದ ಮೇಲೂ ಕಥೆ ಮುಗಿಯುವುದಿಲ್ಲ. ಕಲೆಯ ಅಂಚಿನಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರಬಹುದು. ಆಗ ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ. ಅಕ್ಷಿಪಟಲ ಹರಿದು ಕಳಚಿಕೊಳ್ಳಲೂಬಹುದು. ಮಲಗಿದ ಜೀವಿಯನ್ನು ಪೂರ್ತಿ ಕೊಲ್ಲುವ ಔಷಧ ಇಲ್ಲದ್ದರಿಂದ ರೋಗ ಮರುಕಳಿಸುತ್ತದೆ. ಒಮ್ಮೆ ಕೆರಳಿದ ಮೇಲೆ ಮೊದಲ ವರ್ಷ ಹೆಚ್ಚು ಎಚ್ಚರ ಬೇಕು. ಹುಟ್ಟುವಾಗಲೇ ಸೋಂಕಿದ್ದ ಮಕ್ಕಳಿಗೆ ಕಣ್ಣಿನ ತೊಂದರೆ ಹತ್ತು, ಇಪ್ಪತ್ತು ವರ್ಷಗಳ ನಂತರ, ಅಂದರೆ ಶಾಲೆ ಕಾಲೇಜಿನ ದಿನಗಳಲ್ಲಿ, ಮೊದಲ ಬಾರಿಗೆ ತೋರಬಹುದು.

ಇದೆಲ್ಲಾ ಎಲ್ಲೋ ದೂರದ ಮಾತು ಎಂದುಕೊಳ್ಳಬೇಡಿ. ಕನ್ನಡ ಮಾತನಾಡುವ ದೇವಾಂಗ ನೇಕಾರ ಕುಟುಂಬಗಳು ತಲೆಮಾರುಗಳಿಂದ ಬಾಳುತ್ತಿರುವ ನೆರೆಯ ಕೊಯಮತ್ತೂರಿನಲ್ಲಿ, 2004ರ ಸೆಪ್ಟೆಂಬರಿನಿಂದ 2005ರ ಆಗಸ್ಟ್‌ವರೆಗೆ 248 ಜನ ಈ ಕಣ್ಣಿನ ತೊಂದರೆಯಿಂದ ಅರವಿಂದ ಕಣ್ಣಿನ ಆಸ್ಪತ್ರೆಗೆ ಬಂದರು. ರೋಗಿಗಳು ವಾಸವಿದ್ದ ಜಾಗಗಳನ್ನು ಗುರುತಿಸಿ ನೋಡಿದಾಗ ವೈದ್ಯರ ಸಂಶಯ ನಗರದ ಕುಡಿಯುವ ನೀರಿನ ಒಂದು ಮೂಲದ ಕಡೆ ತಿರುಗಿತು. ಅದಕ್ಕೂ ಮೊದಲು, 1995ರಲ್ಲಿ, ಕೆನಡಾದ ವಿಕ್ಟೋರಿಯಾ ನಗರದಲ್ಲಿ ಇಂಥದೇ ಸೋಂಕು ಹರಡಿತ್ತು. ಅಲ್ಲೂ ಬೆರಳು ತೋರಿದ್ದು ಜಲಾಶಯದತ್ತ. 2001-02ರಲ್ಲಿ ಬ್ರೆಜಿಲ್ ದೇಶದ ಒಂದು ಸಣ್ಣ ಪಟ್ಟಣದಲ್ಲಿ ಸೋಂಕು ಹಬ್ಬಿದಾಗ, ನೀರಿನ ತೊಟ್ಟಿಯ ಬಳಿ ಬೆಕ್ಕೊಂದು ಮರಿ ಹಾಕಿ ವಾಸವಾಗಿದ್ದುದು ಗೊತ್ತಾಯಿತು.

ಇದನ್ನು ಓದಿದ ದಿನ ನಾನು ಶ್ರೀರಂಗಪಟ್ಟಣದ ನನ್ನ ಬಾಡಿಗೆ ಮನೆಯ ಹಿತ್ತಲಿಗೆ ಹೋಗಿ ನೋಡಿದೆ. ಸಂಪಿನ ಮುಚ್ಚಳ ಒಂದು ಮೂಲೆಯಲ್ಲಿ ಒಡೆದು ತಿಂಗಳುಗಳಾಗಿದ್ದವು. ಪಕ್ಕದ ಮರಳಿನ ಗುಡ್ಡೆಯಲ್ಲಿ ಬೀದಿಯ ಬೆಕ್ಕುಗಳೆಲ್ಲಾ ಬಂದು ಹೋಗುತ್ತಿದ್ದವು. ಮಕ್ಕಳು ಮನೆ ಕಟ್ಟಿ ಆಡುತ್ತಿದ್ದದ್ದೂ ಅದೇ ಮರಳಿನಲ್ಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತೇವೆ. ಅಂದು ಕಣ್ಣು ಮುಚ್ಚಿಕೊಂಡಿದ್ದವನು ನಾನೇ. ಸಂಜೆಯೊಳಗೆ ಹೊಸ ಮುಚ್ಚಳ ಹಾಕಿಸಿ, ಮರಳಿಗೆ ಟಾರ್ಪಾಲು ಹೊದಿಸಿದೆ.

ತಂದೆತಾಯಂದಿರಿಗೆ ನಾಲ್ಕು ಮಾತು. ಮನೆಯ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರಬೇಡಿ. ಅದರಿಂದ ಏನೂ ಆಗದು. ಅದರ ಮಲವನ್ನು ದಿನವೂ ತೆಗೆದು ಕೈ ತೊಳೆಯಿರಿ. ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ. ನೀರಿನ ತೊಂಬೆ, ಸಂಪುಗಳಿಗೆ ಮುಚ್ಚಳವಿರಲಿ, ಕುಡಿಯುವ ನೀರು ಕುದಿಯಲಿ. ಸೊಪ್ಪು ತರಕಾರಿ ತೊಳೆಯಿರಿ, ಬಾಡು ಪೂರ್ತಿ ಬೇಯಲಿ. ಬಸುರಿಯ ರಕ್ತಪರೀಕ್ಷೆಯಲ್ಲಿ ಹಳೆಯ ಸೋಂಕಿನ ಗುರುತು ಸಿಕ್ಕರೆ ಗಾಬರಿಯಾಗಬೇಡಿ. ಐ.ಜಿ.ಜಿ. ಒಂದೇ ಇದ್ದರೆ ಸಾಮಾನ್ಯವಾಗಿ ಅದು ಹಿಂದೆಂದೋ ಬಂದು ಹೋದುದರ ಸೂಚನೆ. ವೈದ್ಯರು ವಿವರಿಸುವ ಮೊದಲೇ ಸೊಸೆಯನ್ನು ದೂರುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕಣ್ಣು ಕೆಂಪಾಗಿಲ್ಲ, ನೀರು ಸುರಿಯುತ್ತಿಲ್ಲ ಎಂದು ಸುಮ್ಮನಿರಬೇಡಿ. ಒಂದು ಕಣ್ಣಿಗೆ ತೊಂದರೆಯಾದರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಹಾಕುತ್ತದೆ; ಮಗುವಿಗೇ ಗೊತ್ತಾಗುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಮುಂದೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಅಂಕಿಗಳನ್ನು ಓದಿಸಿ. ಗೆರೆಗಳು ನೆಟ್ಟಗಿವೆಯೇ, ಯಾವುದಾದರೂ ಮನೆ ಮಾಯವಾಗಿದೆಯೇ ಎಂದು ಕೇಳಿ. ಸಂಶಯ ಬಂದರೆ ಪಾಪೆ ಹಿಗ್ಗಿಸಿ ನೋಡುವ ಕಣ್ಣಿನ ವೈದ್ಯರಿಗೇ ತೋರಿಸಿ. ಮಂಡ್ಯ ಮತ್ತು ಬೆಳ್ಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುತ್ತಾರೆ. ನನ್ನಂತೆ ಮೆಡಿಕಲ್ ಸ್ಟೋರಿನ ಹನಿಗಳನ್ನು ಮಾತ್ರ ನಂಬಬೇಡಿ.

ಆ ಹುಡುಗಿಯ ಹಳೆಯ ಕಲೆಗೆ ಮದ್ದಿರಲಿಲ್ಲ, ಕನ್ನಡಕವೂ ಉಪಯೋಗವಾಗಲಿಲ್ಲ. ಮೊದಲ ಬೆಂಚಿನಲ್ಲಿ ಕೂರಿಸಿದೆ. ಬೋರ್ಡಿನ ಮೇಲೆ ಅಕ್ಷರ ದೊಡ್ಡದಾಗಿ ಬರೆಯುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ಅವಳು ಎಸ್.ಎಸ್.ಎಲ್.ಸಿ. ಪಾಸಾದಳು. ಬಹಳ ವರ್ಷಗಳ ನಂತರ ನಾಗಮಂಗಲದ ಬಸ್ ನಿಲ್ದಾಣದಲ್ಲಿ ಯಾರೋ ‘ಸಾ’ ಎಂದು ಕರೆದರು. ಅವಳೇ! ಕೈಯಲ್ಲಿ ಮಗು ಇತ್ತು. ಮಗುವಿನ ಕಣ್ಣು ಪರೀಕ್ಷೆ ಮಾಡಿಸಿದ್ದಾಳಂತೆ, ಏನೂ ತೊಂದರೆಯಿಲ್ಲವಂತೆ. ಹಳೆಯದನ್ನು ನೆನೆದು, ‘ಅವತ್ತು ನಿನ್ನ ನಿಲ್ಲಿಸಬಾರದಾಗಿತ್ತಮ್ಮ’ ಎಂದೆ. ಅವಳು ಕತ್ತು ಸ್ವಲ್ಪ ತಿರುಗಿಸಿ, ಕಣ್ಣು ನನ್ನ ಕಿವಿಯ ಕಡೆಗೆ ಇಟ್ಟು ನಕ್ಕಳು. ‘ಬುಡಿ ಸಾ. ಓರೆಯಾಗಿ ನೋಡಿದ್ರೆ ನೀವು ಚೆಂದಾಗೇ ಕಾಣ್ತೀರಿ’ ಎಂದಳು.

ಈಗ ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ, ಹಾಜರಿ ಪುಸ್ತಕದ ಜೊತೆ ಒಂದು ಕ್ಯಾಲೆಂಡರನ್ನೂ ತರಗತಿಗೆ ಒಯ್ಯುತ್ತೇನೆ. ಒಬ್ಬೊಬ್ಬರನ್ನೇ ಕರೆದು ಒಂದು ಕಣ್ಣು ಮುಚ್ಚಿಸಿ ಓದಿಸುತ್ತೇನೆ. ಯಾರಾದರೂ ‘ಕಾಣಾಕಿಲ್ಲ ಸಾ’ ಎಂದರೆ ತರಗತಿಯಲ್ಲಿ ಯಾರೂ ನಗುವಂತಿಲ್ಲ. ಮೇಷ್ಟ್ರಂತೂ ನಗುವಂತೆಯೇ ಇಲ್ಲ.